ಒಳಗೆ ಹೋದ ಹಕ್ಕಿಗಳು

ಆಸ್ಪತ್ರೆಯ ಗೋಡೆಗೆ ಹಕ್ಕಿಗಳನ್ನು ಬರೆಯಲು ಒಪ್ಪಿಕೊಂಡ ದಿನ ಬೋರ್ಡಕ್ಕನಿಗೆ ಬರೆಯಲು ಬರುತ್ತಿದ್ದುದು ಮೂರೇ ಹಕ್ಕಿ. ಮೊಟ್ಟೆಯಂಗಡಿಯ ಕೋಳಿ, ಕೊರಿಯರ್ ಅಂಗಡಿಯ ಪಾರಿವಾಳ, ಕನ್ನಡಕದ ಅಂಗಡಿಯ ಗೂಬೆ. ಗೂಬೆಯೂ ಕನ್ನಡಕ ಹಾಕಿಕೊಂಡಿತ್ತು. ಅದನ್ನು ತೆಗೆದರೆ ಗೂಬೆಯ ಕಣ್ಣು ಹೇಗಿರುತ್ತದೆಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

ಅಂಗಡಿ ಬೋರ್ಡು ಬರೆಯುವುದು ಅಪ್ಪನಿಂದ ಬಂದ ಕೆಲಸ. ಅಪ್ಪ ಏಣಿ ಹತ್ತಿದರೆ ಅವಳು ಕೆಳಗೆ ಬಣ್ಣ ಕಲಸುತ್ತಿದ್ದಳು, ತಮ್ಮ ಏಣಿ ಹಿಡಿಯುತ್ತಿದ್ದ. ಅಪ್ಪನ ಮೊಣಕಾಲು ಸೋತ ಮೇಲೆ ಅವಳೇ ಏಣಿ ಹತ್ತಿದಳು. ಹೆಣ್ಣುಮಗಳು ಬೀದಿಯಲ್ಲಿ ಏಣಿಯ ಮೇಲೆ ನಿಂತಿದ್ದನ್ನು ನೋಡಲು ಜನ ಮೊದಮೊದಲು ಗುಂಪುಗೂಡಿದರು. ಅವಳು ಇಳಿಯುವ ಲಕ್ಷಣ ಕಾಣದೆ ತಾವೇ ಚದುರಿದರು. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೇಳಿದರೆ, "ಏಣಿ ಹಿಡ್ಕೊಂಡು ನಿಂತ್ಕೊಳ್ಳೋ ಗಂಡು ಸಿಗ್ಲಿಲ್ಲ. ಬಂದವರೆಲ್ಲ ನೀನು ಇಳಿ ಅನ್ನೋರೇ," ಎಂದು ಮಾತು ಮುಗಿಸಿಬಿಡುತ್ತಿದ್ದಳು.

ತಮ್ಮ ಮಾತ್ರ ಬೇಗನೆ ಏಣಿ ಬಿಟ್ಟ. ಕಂಪ್ಯೂಟರ್ ಕಲಿತು ಮನೆಯ ಮುಂದಿನ ಕೋಣೆಯಲ್ಲಿ ಪ್ರಿಂಟಿಂಗ್ ಅಂಗಡಿ ತೆರೆದ. ಅವನು ಊಟ ಮುಗಿಸಿ ಕೈ ತೊಳೆಯುವುದರೊಳಗೆ ಅವನ ಯಂತ್ರ ಒಂದು ಬೋರ್ಡನ್ನು ಉಗುಳಿರುತ್ತಿತ್ತು. ಅಕ್ಕನದು ಹಿಂದಿನ ಕೋಣೆ. ಅಲ್ಲಿ ಬಣ್ಣದ ಡಬ್ಬಿಗಳು, ಎಣ್ಣೆಯಲ್ಲಿ ನೆನೆಯುತ್ತಿದ್ದ ಬ್ರಷ್ಷುಗಳು, ಅಪ್ಪನ ಕಾಲದ ಸುರುಳಿ ಕಾಗದಗಳು. ಒಂದೊಂದಾಗಿ ಗಿರಾಕಿಗಳೆಲ್ಲ ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ನಡೆದುಬಿಟ್ಟರು. ಅವಳ ಪಾಲಿಗೆ ಉಳಿದದ್ದು ಲಾರಿಗಳ ನಂಬರು ಮತ್ತು 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ಮಾತು.

"ಅಕ್ಕಾ, ಸುಮ್ನೆ ಬಂದು ನನ್ನ ಕೌಂಟರಲ್ಲಿ ಕೂತ್ಕೋ. ಫ್ಯಾನಿದೆ, ಕುರ್ಚಿ ಇದೆ," ಎಂದು ತಮ್ಮ ವರ್ಷದಿಂದ ಹೇಳುತ್ತಿದ್ದ.

"ಕುರ್ಚಿ ಇದ್ದಲ್ಲೆಲ್ಲ ಕೂರಕ್ಕೆ ನಾನೇನು ಮಂತ್ರೀನಾ?" ಎನ್ನುತ್ತಿದ್ದಳು ಅವಳು. ಹಾಗೆ ಅಂದರೂ, ಬ್ರಷ್ಷು ಒಣಗಿಯೇ ಇದ್ದ ದಿನಗಳಲ್ಲಿ ಅವಳ ಕಣ್ಣು ಆ ಕುರ್ಚಿಯ ಕಡೆಗೆ ಹೋಗಿ ಬರುತ್ತಿತ್ತು.

ಹಾಗಿರುವಾಗ ಮಕ್ಕಳ ಆಸ್ಪತ್ರೆಯ ದೊಡ್ಡ ಸಿಸ್ಟರ್ ತಮ್ಮನ ಅಂಗಡಿಗೆ ಏನೋ ಕೆಲಸಕ್ಕೆ ಬಂದರು. ಹಿಂದಿನ ಕೋಣೆಯ ಬಾಗಿಲಲ್ಲಿ ಒರಗಿಸಿದ್ದ ಕೋಳಿಯ ಬೋರ್ಡನ್ನು ನೋಡಿ ನಿಂತರು. ಆಪರೇಷನ್ ಕೋಣೆಗೆ ಹೋಗುವ ಓಣಿಯಂಥ ಹಾದಿ ಇದೆ, ಎರಡೂ ಕಡೆ ಬೋಳು ಗೋಡೆ, ಮಕ್ಕಳು ಅಲ್ಲಿಗೆ ಬಂದ ತಕ್ಷಣ ಅಳು ಶುರು ಮಾಡುತ್ತಾರೆ, ಹಕ್ಕಿಗಳ ಚಿತ್ರ ಬರೆದರೆ ಹೇಗೆ ಎಂದು ಕೇಳಿದರು.

"ಮೊದಲು ಒಂದು ಗೋಡೆ ಬರೀರಿ. ಚೆನ್ನಾಗಿ ಬಂದ್ರೆ ಎದುರಿನ ಗೋಡೆನೂ ನಿಮ್ಮದೇ, ಮೇಲಿನ ಮಹಡಿಗಳೂ ನಿಮ್ಮದೇ. ಬರ್ಲಿಲ್ಲ ಅಂದ್ರೆ ನಿಮ್ಮ ತಮ್ಮನ ಹತ್ರ ಪ್ರಿಂಟ್ ಹಾಕಿಸಿ ಅಂಟಿಸ್ತೀವಿ. ಮೇಲಿನವರು ಅಷ್ಟಕ್ಕೇ ಒಪ್ಪಿರೋದು."

ಸಿಸ್ಟರ್ ಹೋದ ಮೇಲೆ ಅಕ್ಕ ತಮ್ಮನ ಮುಂದೆ ನಿಂತು ಹೇಳಿದಳು. "ಎರಡನೇ ಗೋಡೆ ನನಗೆ ಸಿಗ್ಲಿಲ್ಲ ಅಂದ್ರೆ ಬಂದು ನಿನ್ನ ಕುರ್ಚಿಲಿ ಕೂರ್ತೀನಿ. ಆಮೇಲೆ ಬ್ರಷ್ಷು ಮುಟ್ಟಲ್ಲ."

"ಮಾತು ಕೊಟ್ಟಿದೀಯ, ನೆನಪಿರ್ಲಿ. ಕುರ್ಚಿ ಧೂಳು ಒರೆಸಿ ಇಡ್ತೀನಿ," ಎಂದ ತಮ್ಮ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಬಿಸಿಲಲ್ಲಿ ಏಣಿ ಹತ್ತುವ ಅಕ್ಕನನ್ನು ನೋಡುವುದು ಅವನಿಗೂ ಸಾಕಾಗಿತ್ತು.

ಮೊದಲ ಕೆಲಸ ಹಕ್ಕಿಗಳನ್ನು ನೋಡುವುದು. ಇಷ್ಟು ವರ್ಷ ಅವು ತಲೆಯ ಮೇಲೆಯೇ ಇದ್ದವು, ಕೆಲವೊಮ್ಮೆ ಹಸಿ ಬಣ್ಣದ ಮೇಲೂ ಇದ್ದವು. ಆದರೆ ಅವಳು ಅವನ್ನು ಓಡಿಸಿದ್ದಳೇ ಹೊರತು ನೋಡಿರಲಿಲ್ಲ. ಈಗ ಬೆಳಿಗ್ಗೆ ಎದ್ದು ತಾರಸಿಗೆ ಹೋಗಿ ನೀರಿನ ತೊಟ್ಟಿಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಳು. ಕಾಗೆ ಬಂತು. ಅವಳು ಪೆನ್ಸಿಲ್ ಎತ್ತಿದಳು, ಕಾಗೆ ಹೋಯಿತು. ಬೋರ್ಡಿನ ಕೋಳಿ ಇಂಥ ಕೆಲಸವನ್ನು ಯಾವತ್ತೂ ಮಾಡಿರಲಿಲ್ಲ.

ನೋಡುತ್ತ ನೋಡುತ್ತ ಒಂದು ವಿಷಯ ಅವಳಿಗೆ ಹೊಳೆಯಿತು. ಹಾರುವ ಮುಂಚೆ ಹಕ್ಕಿ ಕುಸಿಯುತ್ತದೆ. ಕಾಗೆ ಮೊದಲು ಕಾಲು ಮಡಿಸಿ ಮೈಯನ್ನು ಕೆಳಕ್ಕೆ ತರುತ್ತದೆ, ಏನೋ ಭಾರ ಹೊತ್ತವರ ಹಾಗೆ. ಆಮೇಲೆಯೇ ರೆಕ್ಕೆ. ಗುಬ್ಬಚ್ಚಿಯೂ ಹಾಗೇ, ಆದರೆ ಅದರ ಕುಸಿತ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಅವಳ ಕೊರಿಯರ್ ಪಾರಿವಾಳಕ್ಕೆ ಈ ಕುಸಿತವೇ ಇರಲಿಲ್ಲ; ಅದಕ್ಕೇ ಅದು ಹಾರುತ್ತಿರಲಿಲ್ಲ, ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿರುತ್ತಿತ್ತು. ಇದು ತಿಳಿದ ಮೇಲೆ ಅವಳು ಹಳೆಯ ಮೂರು ಹಕ್ಕಿಗಳ ಕಾಗದವನ್ನು ಅಟ್ಟಕ್ಕೆ ಹಾಕಿ ಹೊಸದಾಗಿ ಶುರು ಮಾಡಿದಳು. ಕಾಗೆ, ಗುಬ್ಬಚ್ಚಿ, ಮೀನು ಹಿಡಿಯುವ ನೀಲಿ ಹಕ್ಕಿ, ಉದ್ದ ಕಾಲಿನ ಬಿಳಿ ಕೊಕ್ಕರೆ, ಮರಿಗಳ ಜೊತೆ ನಡೆಯುವ ಬಾತುಕೋಳಿ. ಕೋಳಿಯನ್ನು ಬಿಡಲು ಮನಸ್ಸು ಬರಲಿಲ್ಲ. ಅದು ಹಾರಲಾರದು ನಿಜ, ಓಡಬಲ್ಲದಲ್ಲ.

ಪ್ರತಿ ಹಕ್ಕಿಯನ್ನೂ ಅವಳು ಗೋಡೆಗೆ ಬೇಕಾದ ಅಳತೆಯಲ್ಲೇ ದೊಡ್ಡ ಕಾಗದದಲ್ಲಿ ಬರೆಯುತ್ತಿದ್ದಳು. ಆಮೇಲೆ ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿ ಚುಚ್ಚಿ ತೂತು ಮಾಡುತ್ತಿದ್ದಳು. ಆ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ನೀಲಿ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ತೂತುಗಳಿಂದ ಪುಡಿ ಇಳಿದು ಗೋಡೆಯ ಮೇಲೆ ಚುಕ್ಕಿಗಳ ಹಕ್ಕಿ ಮೂಡುತ್ತದೆ. ಚುಕ್ಕಿ ಸೇರಿಸಿ ಬಣ್ಣ ತುಂಬುವುದು. ಅಪ್ಪ ಕಲಿಸಿದ್ದು ಹೀಗೆಯೇ. ಕಾಗದ ಒಂದಿದ್ದರೆ ಅದೇ ಚಿತ್ರವನ್ನು ಎಷ್ಟು ಸಲ ಬೇಕಾದರೂ ಇಳಿಸಬಹುದು. ಅಂಗಡಿಯ ಬಾಗಿಲಿನ ಎರಡೂ ಪಕ್ಕಕ್ಕೆ ಒಂದೇ ಚಿತ್ರ ಬೇಕಾದರೆ, ಒಂದು ಪಕ್ಕ ಮುಗಿದ ಮೇಲೆ ಕಾಗದವನ್ನು ಮಗುಚಿ ಇನ್ನೊಂದು ಪಕ್ಕಕ್ಕೆ ಇಟ್ಟರಾಯಿತು. ಆಗ ಎರಡು ಚಿತ್ರವೂ ಬಾಗಿಲ ಕಡೆಗೇ ಮುಖ ಮಾಡುತ್ತವೆ.

ಬಾಗಿಲ ಕಡೆಗೇ ಯಾಕೆ ಎಂಬುದಕ್ಕೂ ಒಂದು ಕಥೆಯಿತ್ತು. ಅಪ್ಪ ಹೊಸದರಲ್ಲಿ ಹಾಲಿನಂಗಡಿಗೆ ಒಂದು ಹಸು ಬರೆದಿದ್ದ. ಹಸುವಿನ ಮುಖ ಬೀದಿಗೂ ಬಾಲ ಬಾಗಿಲಿಗೂ ಬಂದಿತ್ತು. ಅಂಗಡಿಯವನು ಹೊರಗೆ ಬಂದು ನೋಡಿ, "ನಮ್ಮ ಹಸು ಎದುರಂಗಡಿಗೆ ಹೊರಟಿದೆಯಲ್ಲಯ್ಯ, ಹಾಲು ಅಲ್ಲೇ ಕರಿಯೋಣ ಅಂತಲಾ?" ಎಂದನಂತೆ. ಅಪ್ಪ ಇಡೀ ಹಸುವನ್ನು ಕೆರೆದು ಮತ್ತೆ ಬರೆದ. ಅಂದಿನಿಂದ ಆ ಮನೆಯಲ್ಲಿ ಅದೊಂದು ವೇದವಾಕ್ಯ: ಮುಖ ಬಾಗಿಲಿಗೆ, ಬಾಲ ಬೀದಿಗೆ. ಕತ್ತರಿಯಾಗಲಿ, ಚಪ್ಪಲಿಯಾಗಲಿ, ಹಲ್ಲಿನ ಡಾಕ್ಟರ ಹಲ್ಲಿನ ಸೆಟ್ಟೇ ಆಗಲಿ, ಅದು ಬಾಗಿಲ ಕಡೆಗೆ ನೋಡಬೇಕು. ಆಗ ಜನರೂ ಬಾಗಿಲ ಕಡೆಗೆ ನೋಡುತ್ತಾರೆ.

ಆಸ್ಪತ್ರೆಯ ಹಾದಿಯ ಒಂದು ತುದಿಯಲ್ಲಿ ಹೊರಬಾಗಿಲು, ಇನ್ನೊಂದು ತುದಿಯಲ್ಲಿ ಆಪರೇಷನ್ ಕೋಣೆಯ ಬಾಗಿಲು. ನಡುವೆ ಒಂದು ಬೆಂಚು. ಬೋರ್ಡಕ್ಕ ಬೆಂಚಿನ ಎದುರಿನ ಗೋಡೆಯನ್ನು ಹಿಡಿದಳು. ಮಕ್ಕಳನ್ನು ಮಲಗಿಸಿ ತಳ್ಳುವ ಗಾಡಿಯ ಕೆಲಸದವನಿಗೆ ಎಲ್ಲರೂ ಗಾಡಿಯಣ್ಣ ಎನ್ನುತ್ತಿದ್ದರು. ಹೋಗುವಾಗ ಬರುವಾಗ ಅವನು ಹಕ್ಕಿಗಳ ಬಗ್ಗೆ ಅಭಿಪ್ರಾಯ ಹೇಳದೆ ಮುಂದೆ ಹೋಗುತ್ತಿರಲಿಲ್ಲ.

"ಈ ಕಾಗೆ ನಮ್ಮ ಮಾವನ ಹಾಗೇ ಇದೆ ಬೋರ್ಡಕ್ಕ. ಎಷ್ಟು ಬಡಿಸಿದ್ರೂ ಉಪ್ಪು ಕಮ್ಮಿ ಅನ್ನೋ ಮುಖ."

"ನಿಮ್ಮ ಮಾವನಿಗೆ ತೋರಿಸಬೇಡ ಮತ್ತೆ."

"ತೋರಿಸಿದ್ರೂ ಗೊತ್ತಾಗಲ್ಲ ಬಿಡಿ. ಕನ್ನಡಿ ನೋಡೋ ಅಭ್ಯಾಸ ಇಲ್ಲ ಅವರಿಗೆ."

ಗೋಡೆ ತುಂಬಿತು. ಕೊಕ್ಕರೆ ಕತ್ತು ಚಾಚಿ ಹಾರಿತು, ಗುಬ್ಬಚ್ಚಿಗಳು ಜಗಳವಾಡುತ್ತ ಹಾರಿದವು, ಕಾಗೆ ಕುಸಿದು ಇನ್ನೇನು ಏಳುವುದರಲ್ಲಿತ್ತು, ಬಾತುಕೋಳಿ ಮರಿಗಳನ್ನು ಸಾಲು ಹಿಡಿಸಿತ್ತು, ಎಲ್ಲರ ಹಿಂದೆ ಕೋಳಿ ಬಿದ್ದಂಬೀಳ ಓಡುತ್ತಿತ್ತು. ದೊಡ್ಡ ಸಿಸ್ಟರ್ ಬಂದು ಕೈಕಟ್ಟಿ ನೋಡಿ, "ನಾಳೆ ಮೇಲಿನವರನ್ನ ಕರ್ಕೊಂಡು ಬರ್ತೀನಿ. ಎದುರಿನ ಗೋಡೆ ನಿಮ್ಮದೇ ಅಂದ್ಕೊಳ್ಳಿ," ಎಂದರು. ಬೋರ್ಡಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳು ಬ್ರಷ್ಷು ತೊಳೆಯುತ್ತಿದ್ದಾಗ ಬೆಂಚಿನ ಮೇಲೆ ಒಬ್ಬ ಅಜ್ಜಿ ಬಂದು ಕೂತಿದ್ದರು. ಮಾರನೆಯ ದಿನ ಮೊಮ್ಮಗಳಿಗೆ ಆಪರೇಷನ್ ಇತ್ತು; ಮಗುವನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಅಜ್ಜಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಚೆನ್ನಾಗಿದೆ ತಾಯಿ. ಜೀವ ಇದೆ," ಎಂದರು. ಆಪರೇಷನ್ ಬಾಗಿಲಿನ ಕಡೆಗೆ ಕೈ ತೋರಿಸಿ, "ಎಲ್ಲಾ ಒಳಗೇ ಹೋಗ್ತಾ ಇದಾವಲ್ಲ. ಒಂದಾದ್ರೂ ವಾಪಸ್ಸು ಬರೋದು ಕಾಣೆ," ಎಂದರು.

ಆಕ್ಷೇಪಣೆಯ ದನಿಯಲ್ಲ, ಬಸ್ಸು ಯಾಕೆ ಇನ್ನೂ ಬರಲಿಲ್ಲ ಎಂದು ಕೇಳುವ ದನಿ. ಬೋರ್ಡಕ್ಕನ ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು.

ಗಾಡಿಯಣ್ಣ ಖಾಲಿ ಗಾಡಿ ತಳ್ಳಿಕೊಂಡು ಬಂದಾಗ ಅವಳು ಅವನನ್ನು ತಡೆದಳು. "ಇದರ ಮೇಲೆ ಮಲಗ್ತೀನಿ. ಆ ಬಾಗಿಲ ತನಕ ತಳ್ಳು."

"ಏನು, ಸುಸ್ತಾಯ್ತಾ?"

"ತಳ್ಳಪ್ಪ ಅಂದ್ರೆ ತಳ್ಳು."

ಅವಳು ಮಲಗಿದಳು. ಗಾಡಿ ಹೊರಟಿತು. ಏಣಿಯ ಮೇಲಿಂದ ನೋಡಿದಾಗ ಅವು ಹಕ್ಕಿಗಳಾಗಿದ್ದವು, ಬಣ್ಣವಾಗಿದ್ದವು, ಗೆರೆಯಾಗಿದ್ದವು. ಮಲಗಿ ನೋಡಿದರೆ ಅವು ಹೋಗುತ್ತಿದ್ದವು. ಕೊಕ್ಕರೆ, ಗುಬ್ಬಚ್ಚಿ, ತಾಯಿಯ ಹಿಂದೆ ಮರಿಗಳು, ಎಲ್ಲವೂ ಅವಳ ಜೊತೆ ಆ ಬಾಗಿಲಿನ ಕಡೆಗೆ ಹೋಗುತ್ತಿದ್ದವು. ಗೋಡೆ ಮುಗಿಯಿತು, ಬಾಗಿಲು ಬಂತು. ಹಿಂದಕ್ಕೆ ತಿರುಗಿದ ಒಂದು ಕೊಕ್ಕೂ ಇರಲಿಲ್ಲ. ಮುಖ ಬಾಗಿಲಿಗೆ, ಬಾಲ ಬೀದಿಗೆ. ಹಾಲಿನಂಗಡಿಗೆ ಹೇಳಿದ ಮಾತನ್ನು ಅವಳು ಮಕ್ಕಳನ್ನು ಕೊಯ್ಯುವ ಕೋಣೆಗೂ ಪಾಲಿಸಿದ್ದಳು.

ಅಜ್ಜಿಯನ್ನು ಬಿಟ್ಟರೆ ಯಾರೂ ಗಮನಿಸಿರಲಿಲ್ಲ. ಸುಮ್ಮನಿದ್ದರೆ ನಾಳೆ ಮೇಲಿನವರು ಬಂದು ತಲೆಯಾಡಿಸುತ್ತಾರೆ, ಎದುರಿನ ಗೋಡೆ ಕೈಗೆ ಬರುತ್ತದೆ. ಹೇಳಿದರೆ, ಮೊದಲ ಗೋಡೆಯೇ ತಪ್ಪು ಎಂದಾಗುತ್ತದೆ. ತಪ್ಪು ಮಾಡಿದವರಿಗೆ ಎರಡನೆಯ ಗೋಡೆ ಯಾರು ಕೊಡುತ್ತಾರೆ? ಅವಳು ಡಬ್ಬಿಗಳ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬೆಂಚಿನ ಮೇಲೆ ಅಜ್ಜಿ ಇನ್ನೂ ಆ ಬಾಗಿಲನ್ನೇ ನೋಡುತ್ತಿದ್ದರು. ಬೋರ್ಡಕ್ಕ ಎದ್ದು ಸಿಸ್ಟರ್ ಕೋಣೆಗೆ ಹೋದಳು.

ಸಿಸ್ಟರ್ ಕೇಳಿ, ಎದ್ದು ಬಂದು, ಗೋಡೆಯ ಮುಂದೆ ಮತ್ತೆ ಕೈಕಟ್ಟಿ ನಿಂತರು. "ನಾನು ದಿನಾ ಓಡಾಡೋ ಜಾಗ, ನನಗೇ ಕಾಣಲಿಲ್ಲ ನೋಡಿ. ನಾನೂ ಒಳಗೆ ಹೋಗೋಳೇ ಅಲ್ವಾ," ಎಂದರು. ಆಮೇಲೆ ನಿಟ್ಟುಸಿರು ಬಿಟ್ಟರು. "ಸುಳ್ಳು ಹೇಳಿ ಮೇಲಿನವರ ಹತ್ರ ಒಪ್ಪಿಗೆ ತಗೊಳ್ಳೋಕೆ ನನಗೂ ಆಗಲ್ಲ. ನಾಳೆ ನಿಮ್ಮ ತಮ್ಮಂಗೂ ಒಂದು ಮಾದರಿ ತರಕ್ಕೆ ಹೇಳಿ. ನೋಡೋಣ."

ಮನೆಗೆ ಬಂದು ಅವಳು ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಬೇಕಾದರೆ ಇರಲೆಂದು ತಮ್ಮ ಎದುರಿನ ಗೋಡೆಗೆ ಆಗಲೇ ಒಂದು ಚಿತ್ರ ಮಾಡಿಟ್ಟಿದ್ದ. ಅದನ್ನು ಪರದೆಯ ಮೇಲೆ ತೆರೆದು ತೋರಿಸಿದ. ಗುಂಡು ಗುಂಡು ಕಣ್ಣಿನ, ಕೆಂಪು ಹಳದಿ ಬಣ್ಣದ, ನಗುವ ಹಕ್ಕಿಗಳು. ಅಕ್ಕ ಬೆರಳಿಟ್ಟು ತೋರಿಸಿದಳು. "ಆಪರೇಷನ್ ಬಾಗಿಲು ಯಾವ ಕಡೆ ಬರುತ್ತೆ?"

ತಮ್ಮ ನೋಡಿದ. ಅವನ ಹಕ್ಕಿಗಳೂ ಒಂದೂ ಬಿಡದೆ ಆ ಬಾಗಿಲ ಕಡೆಗೇ ನಗುತ್ತಿದ್ದವು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ," ಎಂದ ಅವನು, ತಲೆ ಕೆರೆದುಕೊಳ್ಳುತ್ತ. "ಏಣಿ ಬಿಟ್ಟೆ, ಬ್ರಷ್ಷು ಬಿಟ್ಟೆ. ಅಪ್ಪ ಕಂಪ್ಯೂಟರೊಳಗೂ ಬಂದು ಕೂತಿದಾನೆ."

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಒಂದೇ ವಿಷಯಕ್ಕೆ ನಕ್ಕಿದ್ದರು. ಆಮೇಲೆ ತಮ್ಮ ಒಂದು ಗುಂಡಿ ಒತ್ತಿದ. ಪರದೆಯ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಆ ಕಡೆಯಿಂದ ಈ ಕಡೆಗೆ ತಿರುಗಿಬಿಟ್ಟವು. "ನೋಡು. ಈಗ ಎಲ್ಲಾ ಹೊರಗೆ ಬರ್ತಾ ಇದಾವೆ."

ಅಕ್ಕನ ನಗು ನಿಂತಿತು. ಅಷ್ಟೇ. ಒಂದು ಗುಂಡಿ. ತಾನೇ ಹೋಗಿ ತಪ್ಪು ಹೇಳಿ, ತಾನೇ ಬಂದು ಅದನ್ನು ತಿದ್ದುವ ದಾರಿಯನ್ನೂ ತೋರಿಸಿದಂತಾಗಿತ್ತು. ತಮ್ಮನಿಗೂ ಅದು ಹೊಳೆಯಿತೆಂದು ಕಾಣುತ್ತದೆ. ಅವನು ಕೌಂಟರಿನ ಕುರ್ಚಿಯ ಕಡೆಗೆ ನೋಡಲಿಲ್ಲ. "ಊಟ ಮಾಡು ಹೋಗಕ್ಕ," ಎಂದಷ್ಟೇ ಹೇಳಿದ.

ಮಾರನೆಯ ಬೆಳಿಗ್ಗೆ ತಮ್ಮ ಮಾದರಿಯ ಹಾಳೆ ಸುತ್ತಿಕೊಂಡು ಬಂದ. ಅಕ್ಕ ತನ್ನ ಏಣಿ, ಡಬ್ಬಿ, ಕಾಗದದ ಸುರುಳಿಗಳನ್ನು ಮನೆಗೆ ಒಯ್ಯಲೆಂದು ಬಂದಳು. ಅಜ್ಜಿ ಅದೇ ಬೆಂಚಿನಲ್ಲಿದ್ದರು. ಮೊಮ್ಮಗಳು ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ದೊಡ್ಡ ಸಿಸ್ಟರ್ ಬಂದು ನಿಂತ ಮೇಲೆ ತಮ್ಮ ಬೆಂಚಿನ ಮೇಲ್ಗಡೆ ಹಾಳೆ ಬಿಚ್ಚಿ ಹಿಡಿದ. ಅಜ್ಜಿ ಎದ್ದು, ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಇವ್ಯಾರಪ್ಪ?" ಎಂದರು.

"ಹೊರಗೆ ಬರೋ ಹಕ್ಕಿಗಳು ಅಜ್ಜಿ."

"ಇವು ಯಾರೋ ಹೊಸಬರು." ಅಜ್ಜಿ ಈಗ ಬೆನ್ನ ಹಿಂದಿದ್ದ ಗೋಡೆಗೆ ಕೈ ತೋರಿಸಿದರು. "ಅಲ್ಲಿ ಹೋದವರು ಎಲ್ಲಿ? ಹೋದವರು ಬರಬೇಕು ಅಲ್ವಾ ಮಗಾ. ಬೇರೆ ಯಾರೋ ನಗ್ತಾ ಬಂದ್ರೆ ನಮಗೇನು?"

ತಮ್ಮ ಹಾಳೆ ಹಿಡಿದುಕೊಂಡೇ ಅಕ್ಕ ಬರೆದ ಆ ಗೋಡೆಯನ್ನು ನೋಡಿದ. ಅಕ್ಕನ ಹಕ್ಕಿಗಳನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಆ ಕಾಗೆಯ ಕುಸಿದ ಮೈ, ಹಿಂದೆ ಬಿದ್ದ ಕೋಳಿಯ ಗಾಬರಿ. ಆಮೇಲೆ ಅವನು ನಿಧಾನವಾಗಿ ಹಾಳೆಯನ್ನು ಸುತ್ತಿದ.

"ಸಿಸ್ಟರ್, ಅಜ್ಜಿ ಹೇಳೋದು ಸರಿ. ಹೋದವೇ ಬರ್ಬೇಕು. ನನ್ನ ಹತ್ರ ಅವಿಲ್ಲ," ಎಂದ. "ಅಕ್ಕಾ, ನಿನ್ನ ತೂತು ಕಾಗದ ಎಲ್ಲಿ?"

ಅವಳು ಸುರುಳಿ ಎತ್ತಿಕೊಂಡಳು. ಸಿಸ್ಟರ್ ಗಡಿಯಾರ ನೋಡಿ, "ಒಂದು ಹಕ್ಕಿ ಇಳಿಸಿ ತೋರಿಸಿ. ಅದನ್ನ ನೋಡಿ ಮೇಲಿನವರಿಗೆ ಹೇಳ್ತೀನಿ," ಎಂದರು.

ಆಪರೇಷನ್ ಬಾಗಿಲಿನ ಪಕ್ಕದಲ್ಲೇ ಏಣಿ ಇಟ್ಟರು. ತಮ್ಮ ಕೆಳಗೆ ನಿಂತು ಎರಡೂ ಕೈಯಿಂದ ಹಿಡಿದ, ಚಿಕ್ಕವನಿದ್ದಾಗಿನ ಹಾಗೆಯೇ ಒಂದು ಕಾಲನ್ನು ಏಣಿಯ ಬುಡಕ್ಕೆ ಅಡ್ಡ ಕೊಟ್ಟು. ಅಕ್ಕ ಗುಬ್ಬಚ್ಚಿಯ ಕಾಗದವನ್ನು ಮಗುಚಿ ಗೋಡೆಗೆ ಒತ್ತಿದಳು, ನೀಲಿ ಗಂಟಿನಿಂದ ತಟ್ಟಿದಳು, ಕಾಗದ ತೆಗೆದಳು.

ಗಾಡಿಯಣ್ಣ ಅಲ್ಲೇ ನಿಂತಿದ್ದ. "ಬೋರ್ಡಕ್ಕ, ಇದೂ ಒಳಗೇ ಹೋಯ್ತಲ್ಲ," ಎಂದ.

ನಿಜ. ಗುಬ್ಬಚ್ಚಿ ಮತ್ತೆ ಆ ಬಾಗಿಲಿಗೇ ಮುಖ ಮಾಡಿತ್ತು. ಎದುರು ಪಕ್ಕಕ್ಕೆ ಬಂದರೆ ಕಾಗದ ಮಗುಚಬೇಕೆಂಬ ಅಭ್ಯಾಸ ಅವಳ ಕೈಗೆ ಅಷ್ಟು ಹತ್ತಿಹೋಗಿತ್ತು.

"ಯಾಕೆ ಮಗುಚ್ತೀಯ? ಹಾಗೇ ಇಡು," ಎಂದ ತಮ್ಮ ಕೆಳಗಿನಿಂದ.

ಅವಳು ಬಟ್ಟೆಯಿಂದ ಚುಕ್ಕಿಗಳನ್ನು ಒರೆಸಿದಳು. ಕಾಗದವನ್ನು ಮೊದಲ ಗೋಡೆಗೆ ಇಟ್ಟ ಹಾಗೆಯೇ ಇಟ್ಟು ತಟ್ಟಿದಳು. ಅದೇ ಕಾಗದ, ಅದೇ ಮುಖ, ಅದೇ ತೂತುಗಳು. ಗೋಡೆ ಬದಲಾಗಿತ್ತು, ಅಷ್ಟೇ. ಗುಬ್ಬಚ್ಚಿ ಹೊರಬಾಗಿಲ ಕಡೆಗೆ ಹೊರಟಿತು.

"ಅಪ್ಪನ ಮಾತು ಮುರಿದ್ವಿ ಇವತ್ತು," ಎಂದ ತಮ್ಮ.

"ಎಲ್ಲಿ ಮುರಿದ್ವಿ? ಆ ತುದಿಯಲ್ಲೂ ಇರೋದು ಬಾಗಿಲೇ ಅಲ್ವಾ," ಎಂದಳು ಅಕ್ಕ.

ಅವಳು ಬಣ್ಣದ ಡಬ್ಬಿ ತೆರೆಯುವ ಮುಂಚೆ ಒಳಗಿನ ಬಾಗಿಲು ತೆರೆಯಿತು. ಗಾಡಿಯಣ್ಣ ಒಳಗೆ ಹೋಗಿ ಗಾಡಿಯನ್ನು ಹಿಂದಕ್ಕೆ ತಂದ. ಅಜ್ಜಿಯ ಮೊಮ್ಮಗಳು ಗಾಢ ನಿದ್ದೆಯಲ್ಲಿದ್ದಳು. ಅವಳಿಗೆ ಗೋಡೆ ಕಾಣುವಂತಿರಲಿಲ್ಲ. "ಎಲ್ಲಾ ಚೆನ್ನಾಗಾಯ್ತು ಅಜ್ಜಿ, ಸಂಜೆ ಹೊತ್ತಿಗೆ ಮಾತಾಡ್ತಾಳೆ," ಎಂದರು ಒಳಗಿನವರನ್ನು ಕೇಳಿಕೊಂಡು ಬಂದ ಸಿಸ್ಟರ್. ಅಜ್ಜಿ ಗಾಡಿಯ ಕಂಬಿ ಹಿಡಿದುಕೊಂಡು ಜೊತೆಯಲ್ಲಿ ನಡೆದರು. ಏಣಿಯ ಹತ್ತಿರ ಬಂದಾಗ ತಲೆ ಎತ್ತಿದರು. ಗೋಡೆಯ ಮೇಲೆ ಬಣ್ಣವಿನ್ನೂ ಬೀಳದ ಹಕ್ಕಿ, ಬರೀ ನೀಲಿ ಚುಕ್ಕಿ.

"ಒಂದು ಬಂತು," ಎಂದರು ಅಜ್ಜಿ, ಯಾರಿಗೆಂದಲ್ಲದೆ.

ಸಿಸ್ಟರ್ ಆ ಮಾತು ಕೇಳಿಸಿಕೊಂಡರು. ಮೇಲಿನವರ ಹತ್ತಿರ ಏನು ಹೇಳಿದರೋ ಗೊತ್ತಿಲ್ಲ, ಮಧ್ಯಾಹ್ನ ಕೆಳಗೆ ಬಂದು, "ಮುಂದುವರಿಸಿ," ಎಂದರು.

ಎದುರಿನ ಗೋಡೆ ಕೆಲವೇ ದಿನಗಳಲ್ಲಿ ತುಂಬಿತು. ಕೊಕ್ಕರೆ ಬಂತು, ಬಾತುಕೋಳಿ ಮರಿಗಳನ್ನು ಒಂದೂ ಬಿಡದೆ ಕರೆತಂದಿತು. ಹೋಗುವಾಗ ಎಲ್ಲರ ಹಿಂದಿದ್ದ ಕೋಳಿಯನ್ನು ಬೋರ್ಡಕ್ಕ ಬೇಕೆಂದೇ ಎಲ್ಲರಿಗಿಂತ ಮುಂದೆ ಬಿಟ್ಟಳು. ಕಾಗೆ ಕೊನೆಯಲ್ಲಿತ್ತು. ಅದರ ರೆಕ್ಕೆಗೆ ಕೊನೆಯ ಕಪ್ಪು ತುಂಬುತ್ತಿದ್ದಾಗ ಆ ಮೊಮ್ಮಗಳು ಅಜ್ಜಿಯ ಕೈಹಿಡಿದು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಮನೆಗೆ ಹೊರಟು ಬಂದಳು. ಎರಡೂ ಗೋಡೆಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಇವು ಒಳಗೆ ಹೋಗಿ ಬಂದಿದ್ದಾ?"

"ಹೂಂ ಪುಟ್ಟಿ," ಎಂದಳು ಬೋರ್ಡಕ್ಕ.

"ಸುಳ್ಳು. ಯಾರಿಗೂ ಪಟ್ಟಿನೇ ಕಟ್ಟಿಲ್ಲ."

ತಮ್ಮ ಏಣಿ ಹಿಡಿದಿದ್ದವನು ನಕ್ಕುಬಿಟ್ಟ. ಬೋರ್ಡಕ್ಕ ನಗಲಿಲ್ಲ. ಮಗು ಹೇಳಿದ್ದನ್ನು ಗಿರಾಕಿಯ ಮಾತಿನಷ್ಟೇ ಗಂಭೀರವಾಗಿ ಯೋಚಿಸಿದಳು. ಆಮೇಲೆ ಬಿಳಿ ಡಬ್ಬಿ ತೆಗೆದು, ಕಾಗೆಯ ಹೊಟ್ಟೆಗೆ ಅಡ್ಡಲಾಗಿ ಒಂದು ಅಗಲ ಪಟ್ಟಿ ಬರೆದಳು, ತುದಿಯಲ್ಲಿ ಒಂದು ಸಣ್ಣ ಗಂಟು. ಮಗು ಹತ್ತಿರ ಬಂದು ತನ್ನ ಪಟ್ಟಿಗೂ ಅದಕ್ಕೂ ಹೋಲಿಸಿ ನೋಡಿತು.

"ಈಗ ಸರಿ," ಎಂದಿತು.

"ಮುಖ ನೋಡಿ, ಇನ್ನೂ ಉಪ್ಪು ಕಮ್ಮಿ ಅಂತಲೇ ಇದೆ," ಎಂದ ಗಾಡಿಯಣ್ಣ.

ಅಜ್ಜಿ ಮೊಮ್ಮಗಳು ಹೊರಬಾಗಿಲು ದಾಟಿ ಹೋದರು. ತಮ್ಮ ಏಣಿಯ ಕೆಳಗಿನಿಂದ ಕೇಳಿದ. "ಮೇಲಿನ ಮಹಡಿಗೆ ಯಾವಾಗ ಶುರು ಮಾಡ್ತೀಯ? ಕೌಂಟರಿಗೆ ಬೇರೆ ಯಾರನ್ನಾದ್ರೂ ಹುಡುಕಬೇಕಲ್ಲ."

"ಬಣ್ಣ ಒಣಗ್ಲಿ," ಎಂದಳು ಬೋರ್ಡಕ್ಕ. "ನೀನು ಏಣಿ ಅಲ್ಲಾಡಿಸಬೇಡ."

ನಾಳೆ ಕತ್ತಲಾದ ಮೇಲೆ ಮತ್ತೆ ತಾರಸಿಗೆ ಹೋಗಬೇಕು, ಈ ಸಲ ಗೂಬೆಯನ್ನು ಕನ್ನಡಕವಿಲ್ಲದೆ ನೋಡಬೇಕು ಎಂದುಕೊಂಡು ಅವಳು ಕಾಗೆಯ ಪಟ್ಟಿಯ ಗಂಟಿನ ತುದಿಯನ್ನು ತಿದ್ದತೊಡಗಿದಳು.